ಬಾಡಿಗೆ ಮನೆಗೆ ಬಂಡವಾಳ: ಸಾಲವೋ, ಕೈಗಂಟೋ?

ಬೆಂಗಳೂರು: ಕೋಟೆಯ ಪಶ್ಚಿಮಕ್ಕೆ 1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯಲ್ಲಿ ಇಂದು ಅಜ್ಜನ ಕಾಲದ ಮನೆಗಳು ಒಂದೊಂದಾಗಿ ಕೈ ಬದಲಾಯಿಸುತ್ತಿವೆ. ಹೆಂಚಿನ ಮನೆ, ಹಿತ್ತಲು, ಬಾವಿಕಟ್ಟೆ, ಪಕ್ಕದಲ್ಲೊಂದು ವಠಾರ ಎಂಬಂತಿದ್ದ ನಿವೇಶನಗಳಲ್ಲಿ ನಾಲ್ಕಂತಸ್ತಿನ ಕಟ್ಟಡಗಳು ಎದ್ದಿವೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಪಾಲು ಹಂಚಿಕೊಂಡ ಮೇಲೆ ಒಬ್ಬೊಬ್ಬರ ಖಾತೆಗೂ ಬದುಕಿನಲ್ಲಿ ಹಿಂದೆಂದೂ ಕಾಣದಷ್ಟು ದೊಡ್ಡ ಮೊತ್ತವೊಂದು ಬಂದು ಬೀಳುತ್ತದೆ. ಆಗ ಮನೆಯ ಹಿರಿಯರು ಆಡುವ ಮಾತು ಸಾಮಾನ್ಯವಾಗಿ ಒಂದೇ: ‘ಒಂದು ಮನೆ ತೆಗೆದು ಬಾಡಿಗೆಗೆ ಬಿಡು.’

ಮಾತೇನೋ ಸರಳ. ಆದರೆ ಅದರ ಹಿಂದೆಯೇ ಬರುವ ಪ್ರಶ್ನೆ ಅಷ್ಟು ಸರಳವಲ್ಲ. ಇರುವ ಹಣವನ್ನೆಲ್ಲ ಸುರಿದು ಮನೆಯನ್ನು ಋಣಮುಕ್ತವಾಗಿ ಕೊಳ್ಳಬೇಕೆ? ಅಥವಾ ಒಂದು ಭಾಗ ಕೊಟ್ಟು ಉಳಿದುದಕ್ಕೆ ಬ್ಯಾಂಕಿನ ಸಾಲ ಪಡೆದು, ಕೈಗಂಟನ್ನು ಕಾಪಾಡಿಕೊಳ್ಳಬೇಕೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಂಬಿದವರು ಮೊದಲ ದಾರಿ ಹಿಡಿಯುತ್ತಾರೆ. ಮಾಸಿಕ ಕಂತಿಗೆ ಒಗ್ಗಿಕೊಂಡ ಮಕ್ಕಳು ಎರಡನೆಯದನ್ನು ಸೂಚಿಸುತ್ತಾರೆ. ಇಬ್ಬರ ವಾದದಲ್ಲಿಯೂ ಹುರುಳಿದೆ. ಕಾಗದದ ಮೇಲೆ ಲೆಕ್ಕ ಹಾಕದ ಹೊರತು ಯಾರದು ಸರಿಯೆಂದು ಹೇಳಲಾಗದು.

‘ಕ್ಯಾಶ್’ ಎಂದರೆ ಯಾವುದು?

ಮೊದಲಿಗೆ ಒಂದು ಎಚ್ಚರಿಕೆ. ನಮ್ಮ ಬೀದಿಗಳ ಆಡುಮಾತಿನಲ್ಲಿ ‘ಕ್ಯಾಶ್ ಕೊಟ್ಟು ಕೊಳ್ಳುವುದು’ ಎಂಬುದಕ್ಕೆ ಎರಡು ಅರ್ಥಗಳಿವೆ. ಸಾಲವಿಲ್ಲದೆ ಸ್ವಂತ ಹಣದಿಂದ ಕೊಳ್ಳುವುದು ಒಂದು. ಕ್ರಯಪತ್ರದಲ್ಲಿ ಕಾಣದ ನೋಟಿನ ಕಟ್ಟುಗಳನ್ನು ಕೈಯಿಂದ ಕೈಗೆ ದಾಟಿಸುವುದು ಮತ್ತೊಂದು. ಈ ಲೇಖನದ ವಿಷಯ ಮೊದಲನೆಯದು ಮಾತ್ರ. 2015ರ ಜೂನ್ 1ರಿಂದ ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದು ನಿಷಿದ್ಧ. ಪಡೆದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ. 2017ರ ಏಪ್ರಿಲ್ 1ರಿಂದ ಯಾವುದೇ ಒಂದು ವ್ಯವಹಾರದಲ್ಲಿ 2 ಲಕ್ಷ ರೂ. ಅಥವಾ ಹೆಚ್ಚಿನ ನಗದು ಸ್ವೀಕಾರಕ್ಕೂ ತಡೆಯಿದೆ. ಕೊಳ್ಳುವವನಿಗೆ ಇನ್ನೊಂದು ಪೆಟ್ಟೂ ಉಂಟು: ಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಕೊಂಡ ಮನೆಯನ್ನು ಮುಂದೆ ಮಾರುವಾಗ ಲಾಭ ದೊಡ್ಡದಾಗಿ ಕಂಡು, ಅದರ ತೆರಿಗೆ ಅವನ ತಲೆಯ ಮೇಲೆಯೇ ಬೀಳುತ್ತದೆ.

ಒಂದು ಕೋಟಿಯ ಮನೆ

ಲೆಕ್ಕದ ಅನುಕೂಲಕ್ಕಾಗಿ ಎರಡು ಮಲಗುವ ಕೋಣೆಗಳ ಮನೆಯೊಂದರ ಬೆಲೆ 1 ಕೋಟಿ ರೂ., ಬಾಡಿಗೆ ತಿಂಗಳಿಗೆ 30,000 ರೂ. ಎಂದು ಇಟ್ಟುಕೊಳ್ಳೋಣ. ಓದುಗರು ತಮ್ಮ ಮುಂದಿರುವ ಮನೆಯ ಅಂಕಿಗಳನ್ನು ಹಾಕಿಕೊಂಡು ಇದೇ ಲೆಕ್ಕವನ್ನು ಮರಳಿ ಮಾಡಬಹುದು.

ಬೆಲೆಯ ಜೊತೆಗೆ ನೋಂದಣಿಯ ವೆಚ್ಚವಿದೆ. ಕರ್ನಾಟಕದಲ್ಲಿ 45 ಲಕ್ಷ ರೂ. ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.6 ಆಗುತ್ತದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ. 1ರಿಂದ ಶೇ. 2ಕ್ಕೆ ಏರಿಸಲಾಯಿತು. ಅಲ್ಲಿಗೆ ಒಟ್ಟು ಶೇ. 7.6, ಅಂದರೆ 7.6 ಲಕ್ಷ ರೂ. ಮನೆಯ ಬೀಗದ ಕೈ ಸಿಗುವ ಹೊತ್ತಿಗೆ 1,07,60,000 ರೂ. ಖರ್ಚಾಗಿರುತ್ತದೆ.

ವರ್ಷದ ಬಾಡಿಗೆ 3.6 ಲಕ್ಷ ರೂ. ಆದರೆ ಮನೆ ವರ್ಷಪೂರ್ತಿ ತುಂಬಿರುವುದಿಲ್ಲ. ಒಂದು ತಿಂಗಳು ಖಾಲಿ ಎಂದು ಹಿಡಿದರೆ 30,000 ರೂ. ಹೋಯಿತು. ಸುಣ್ಣಬಣ್ಣ, ನಲ್ಲಿ ರಿಪೇರಿ, ಸಂಘದ ಶುಲ್ಕ, ಆಸ್ತಿ ತೆರಿಗೆಗೆ ಇನ್ನು 40,000 ರೂ. ಇರಲಿ. ಮಾಲೀಕನೇ ವಾಸಿಸುವ ಮನೆಗಿಂತ ಬಾಡಿಗೆಗೆ ಬಿಟ್ಟ ಮನೆಗೆ ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ದರ ಇಮ್ಮಡಿ ಎಂಬುದನ್ನು ಹಲವರು ಮರೆಯುತ್ತಾರೆ. ಕೊನೆಗೆ ಉಳಿಯುವುದು 2.9 ಲಕ್ಷ ರೂ.; ಹೂಡಿದ ಹಣಕ್ಕೆ ಹೋಲಿಸಿದರೆ ಶೇ. 2.7.

ಈಗ ಅದೇ ಮನೆಗೆ 60 ಲಕ್ಷ ರೂ. ಸಾಲ ಪಡೆದರೆಂದುಕೊಳ್ಳಿ. ಶೇ. 8ರ ಬಡ್ಡಿ, 20 ವರ್ಷಗಳ ಅವಧಿ. ಮಾಸಿಕ ಕಂತು 50,186 ರೂ. ಎಲ್ಲ ಖರ್ಚು ಕಳೆದ ಬಾಡಿಗೆ ತಿಂಗಳಿಗೆ ಸರಾಸರಿ 24,000 ರೂ. ಚಿಲ್ಲರೆ. ಉಳಿದ ಸುಮಾರು 26,000 ರೂ. ಪ್ರತಿ ತಿಂಗಳೂ ಮಾಲೀಕನ ಜೇಬಿನಿಂದಲೇ ಬರಬೇಕು. ‘ಬಾಡಿಗೆಯಲ್ಲೇ ಕಂತು ತೀರುತ್ತದೆ’ ಎಂಬ ದಲ್ಲಾಳಿಗಳ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಖರ್ಚು ಕಳೆದ ಬಾಡಿಗೆ ತಾನೇ ತೀರಿಸಬಲ್ಲ ಸಾಲವೆಂದರೆ ಸುಮಾರು 29 ಲಕ್ಷ ರೂ. ಮಾತ್ರ. ಈ ಗಡಿಯನ್ನು ನೆನಪಿನಲ್ಲಿಡಿ. ಲೇಖನದ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಬೆಲೆ ಏರಿದರೆ ಸರಿ, ಏರದಿದ್ದರೆ?

ಹಾಗಿದ್ದರೆ ಸಾಲ ಮಾಡಿ ಕೊಂಡವರೆಲ್ಲ ಮೋಸ ಹೋದರೇ? ಹಾಗೇನೂ ಇಲ್ಲ. ಅವರ ಲಾಭ ಬಾಡಿಗೆಯಲ್ಲಿಲ್ಲ, ಬೆಲೆಯ ಏರಿಕೆಯಲ್ಲಿದೆ.

ಮನೆಯ ಬೆಲೆ ವರ್ಷಕ್ಕೆ ಶೇ. 7ರಂತೆ ಏರಿತೆನ್ನಿ. ಕೈಗಂಟಿನಿಂದ ಕೊಂಡವನಿಗೆ ಏರಿಕೆಯ 7 ಲಕ್ಷ, ಬಾಡಿಗೆಯ 2.9 ಲಕ್ಷ ಸೇರಿ 9.9 ಲಕ್ಷ ರೂ. ಪ್ರಾಪ್ತಿ, ಹೂಡಿಕೆಯ ಮೇಲೆ ಶೇ. 9.2. ಸಾಲ ಮಾಡಿದವನಿಗೆ ಇದೇ 9.9 ಲಕ್ಷದಲ್ಲಿ ಮೊದಲ ವರ್ಷದ ಬಡ್ಡಿ 4.75 ಲಕ್ಷ ಕಳೆದರೆ 5.15 ಲಕ್ಷ. ಆದರೆ ಅವನ ಸ್ವಂತ ಹೂಡಿಕೆ 47.6 ಲಕ್ಷ ಮಾತ್ರವಾದ್ದರಿಂದ ಪ್ರತಿಫಲ ಶೇ. 10.8. ಇಲ್ಲಿ ಸಾಲಗಾರನೇ ಗೆದ್ದ.

ಏರಿಕೆ ಶೇ. 3ಕ್ಕೆ ಇಳಿದರೆ? ಮೊದಲನೆಯವನಿಗೆ ಶೇ. 5.5, ಎರಡನೆಯವನಿಗೆ ಶೇ. 2.4. ಬೆಲೆ ನಿಂತಲ್ಲೇ ನಿಂತರೆ ಮೊದಲನೆಯವನಿಗೆ ಶೇ. 2.7 ಲಾಭ ಉಳಿದೇ ಇರುತ್ತದೆ, ಎರಡನೆಯವನು ಶೇ. 3.9 ನಷ್ಟಕ್ಕೆ ಇಳಿಯುತ್ತಾನೆ. ತೆರಿಗೆಯನ್ನೂ ನೋಂದಣಿಯ ವೆಚ್ಚವನ್ನೂ ಬದಿಗಿಟ್ಟು ನೋಡಿದರೆ, ಬಡ್ಡಿ ಶೇ. 8, ಬಾಡಿಗೆಯ ನಿವ್ವಳ ಹುಟ್ಟುವಳಿ ಬೆಲೆಯ ಶೇ. 2.9 ಇರುವಾಗ, ಬೆಲೆ ವರ್ಷಕ್ಕೆ ಶೇ. 5.1ಕ್ಕಿಂತ ಹೆಚ್ಚು ಏರಿದರೆ ಮಾತ್ರ ಸಾಲ ಲಾಭದಾಯಕ. ಅಷ್ಟು ಏರೀತೆಂಬ ಭರವಸೆ ಇಲ್ಲದವರು ಸಾಲದ ಗೊಡವೆಗೆ ಹೋಗದಿರುವುದೇ ಲೇಸು.

ಚಾಮರಾಜಪೇಟೆಯಂಥ ಹಳೆಯ ಬಡಾವಣೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಲ್ಲಿ ಬೆಲೆ ಏರುವುದು ನೆಲಕ್ಕೆ, ಕಟ್ಟಡಕ್ಕಲ್ಲ. ವಿಕ್ಟೋರಿಯಾ ಆಸ್ಪತ್ರೆ, ಕೃಷ್ಣರಾಜ ಮಾರುಕಟ್ಟೆ, 2017ರ ಜೂನ್‌ನಲ್ಲಿ ಈ ಭಾಗದಲ್ಲಿ ಆರಂಭವಾದ ಹಸಿರು ಮಾರ್ಗದ ಮೆಟ್ರೊ ಇವೆಲ್ಲ ಸನಿಹದಲ್ಲಿರುವುದರಿಂದ ಬಾಡಿಗೆದಾರರಿಗೆ ಕೊರತೆಯಿಲ್ಲ. ಆದರೆ ಕಿರಿದಾದ ನಿವೇಶನದಲ್ಲಿ ಎದ್ದ ಕಟ್ಟಡದ ಮೂರನೆಯ ಅಂತಸ್ತಿನ ಮನೆಯನ್ನು ಕೊಂಡವನಿಗೆ ನೆಲದಲ್ಲಿ ಸಿಗುವ ಪಾಲು ಅಲ್ಪ. ಕಟ್ಟಡ ಹಳತಾದಂತೆ ಅದರ ಬೆಲೆ ಕುಗ್ಗುತ್ತದೆ. ಕ್ರಯಪತ್ರದಲ್ಲಿ ಅವಿಭಜಿತ ಭೂಮಿಯ ಪಾಲು ಎಷ್ಟು ಚದರಡಿ ಎಂದು ನೋಡದೆ ಬೆಲೆ ಏರಿಕೆಯ ಕನಸು ಕಾಣುವುದು ತಪ್ಪಾದೀತು.

ತೆರಿಗೆಯ ಆಸೆ

ಸಾಲದ ಪರ ವಾದಿಸುವವರ ಕೊನೆಯ ಅಸ್ತ್ರ ಆದಾಯ ತೆರಿಗೆ. ಒಂದು ಕಾಲದಲ್ಲಿ ಈ ಅಸ್ತ್ರ ಹರಿತವಾಗಿಯೇ ಇತ್ತು. ಬಾಡಿಗೆ ಮನೆಯ ಮೇಲಿನ ಬಡ್ಡಿಯಿಂದಾದ ನಷ್ಟವನ್ನೆಲ್ಲ ಸಂಬಳದ ಆದಾಯದಿಂದ ಕಳೆಯಬಹುದಿತ್ತು. 2017-18ರ ಆರ್ಥಿಕ ವರ್ಷದಿಂದ ಹೀಗೆ ಕಳೆಯುವುದಕ್ಕೆ ವರ್ಷಕ್ಕೆ 2 ಲಕ್ಷ ರೂ. ಮಿತಿ ಬಂತು, ಉಳಿದುದನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಆಯ್ಕೆಯಾಯಿತು. ಅದರಲ್ಲಿ ಬಡ್ಡಿಯನ್ನು ಬಾಡಿಗೆಯ ಆದಾಯದಿಂದ ಕಳೆಯಬಹುದೇ ಹೊರತು, ಮಿಕ್ಕ ನಷ್ಟವನ್ನು ಸಂಬಳಕ್ಕೆ ಹೊಂದಿಸುವಂತಿಲ್ಲ.

ನಮ್ಮ ಉದಾಹರಣೆಯಲ್ಲಿ ಇದರ ಫಲವೇನು? ಬಂದ ಬಾಡಿಗೆ 3.3 ಲಕ್ಷ, ಆಸ್ತಿ ತೆರಿಗೆ 10,000 ರೂ. ಎಂದು ಕಳೆದರೆ 3.2 ಲಕ್ಷ. ದುರಸ್ತಿಗೆಂದು ಕಾನೂನೇ ಕೊಡುವ ಶೇ. 30ರ ವಿನಾಯಿತಿ ಕಳೆದ ಮೇಲೆ ತೆರಿಗೆಗೆ ಒಳಪಡುವುದು 2.24 ಲಕ್ಷ ರೂ. ಶೇ. 20ರ ಹಂತದಲ್ಲಿರುವವರು ಸೆಸ್ ಸೇರಿ ಕಟ್ಟಬೇಕಾದದ್ದು ಸುಮಾರು 46,600 ರೂ. ಸಾಲವಿದ್ದರೆ ಈ ತೆರಿಗೆ ಉಳಿಯುತ್ತದೆ, ನಿಜ. ಆದರೆ 46,600 ರೂ. ಉಳಿಸಲು 4.75 ಲಕ್ಷ ರೂ. ಬಡ್ಡಿ ಕಟ್ಟುವುದನ್ನು ಉಳಿತಾಯವೆಂದು ಕರೆಯುವುದು ಹೇಗೆ?

ನಿವೃತ್ತರ ವಿಷಯದಲ್ಲಿ ಈ ವಾದ ಇನ್ನೂ ದುರ್ಬಲ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂ.ವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯ ಹೊರೆಯೇ ಇಲ್ಲ. ಪಿಂಚಣಿ, ಬಾಡಿಗೆ ಎರಡೂ ಸೇರಿ ಈ ಮಿತಿಯೊಳಗಿದ್ದರೆ ಉಳಿಸಲು ತೆರಿಗೆಯೇ ಇಲ್ಲದಿರುವಾಗ, ಅದಕ್ಕೆಂದು ಸಾಲ ಮಾಡುವುದು ವ್ಯರ್ಥ.

ಹಳೆಯ ಮನೆ ಮಾರಿ ಬಂದ ಹಣವಾದರೆ ಬೇರೊಂದು ಅಂಶವನ್ನು ಗಮನಿಸಬೇಕು. ದೀರ್ಘಾವಧಿ ಲಾಭವನ್ನು ಎರಡು ವರ್ಷಗಳೊಳಗೆ ಮತ್ತೊಂದು ವಾಸದ ಮನೆಯ ಖರೀದಿಗೆ ತೊಡಗಿಸಿದರೆ ತೆರಿಗೆ ವಿನಾಯಿತಿ ಉಂಟು. ಗಡುವು ಹತ್ತಿರವಾಯಿತೆಂದು ಕೊನೆಯ ತಿಂಗಳಲ್ಲಿ ಸಿಕ್ಕಿದ ಮನೆ ಕೊಳ್ಳುವವರು ಉಳಿಸಿದ ತೆರಿಗೆಗಿಂತ ಹೆಚ್ಚಿನದನ್ನು ಬೆಲೆಯಲ್ಲಿ ಕಳೆದುಕೊಳ್ಳುತ್ತಾರೆ. 2024ರ ಜುಲೈ 23ರ ಬಳಿಕ ಆಸ್ತಿಯ ದೀರ್ಘಾವಧಿ ಲಾಭದ ತೆರಿಗೆ ಶೇ. 12.5ಕ್ಕೆ ಇಳಿದಿದೆ. ಅದಕ್ಕೂ ಮೊದಲು ಪಡೆದ ಮನೆಗಳ ಮಾಲೀಕರು ಹಣದುಬ್ಬರ ಕಳೆದು ಶೇ. 20 ಕಟ್ಟುವ ಹಳೆಯ ಕ್ರಮವನ್ನೂ ಆರಿಸಿಕೊಳ್ಳಬಹುದು. ಎಲ್ಲಕ್ಕೂ ಮೊದಲು ಈ ಎರಡನ್ನು ತೂಗಿ ನೋಡಬೇಕು.

2020 ಕಲಿಸಿದ ಎರಡು ಪಾಠ

ಲೆಕ್ಕದ ಪುಸ್ತಕದಲ್ಲಿ ಕಾಣದ ಸಂಗತಿಗಳನ್ನು 2020ರ ವರ್ಷ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಲಾಕ್‌ಡೌನ್‌ನಲ್ಲಿ ವಿದ್ಯಾರ್ಥಿಗಳು, ಉದ್ಯೋಗಿಗಳು ಊರಿಗೆ ಮರಳಿದರು. ನಗರದ ಪಿಜಿಗಳು, ಬಾಡಿಗೆ ಮನೆಗಳು ಖಾಲಿಯಾದವು. ಕಂತು ಮಾತ್ರ ನಿಲ್ಲಲಿಲ್ಲ. ರಿಸರ್ವ್ ಬ್ಯಾಂಕ್ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟರೂ ಬಡ್ಡಿ ಬೆಳೆಯುತ್ತಲೇ ಇತ್ತು. ಬಳಿಕ 2022ರ ಮೇನಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ ಶೇ. 4ರಿಂದ ಶೇ. 6.5ಕ್ಕೆ ಏರಿತು. 60 ಲಕ್ಷ ರೂ. ಸಾಲಕ್ಕೆ ಶೇ. 6.5ರಲ್ಲಿ 20 ವರ್ಷದ ಕಂತು 44,734 ರೂ.; ಶೇ. 9ರಲ್ಲಿ 53,984 ರೂ. ತಿಂಗಳಿಗೆ 9,250 ರೂ. ಹೆಚ್ಚು. 2025ರ ಉದ್ದಕ್ಕೂ ದರ ಇಳಿದು ಡಿಸೆಂಬರ್‌ನಲ್ಲಿ ಶೇ. 5.25ಕ್ಕೆ ಬಂತು. ಇಳಿದುದು ಮತ್ತೆ ಏರಲಾರದೆಂದು ಯಾರೂ ಬರೆದುಕೊಡರು. ಇದು ಸಾಲಗಾರರಿಗೆ ಪಾಠ.

ಕೈಗಂಟಿನವರಿಗೂ ಆ ವರ್ಷ ಪಾಠವಿತ್ತು. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು ಹಿಂಪಡೆಯಬಹುದಾದ ಮೊತ್ತವನ್ನು ಆರಂಭದಲ್ಲಿ 35,000 ರೂ.ಗೆ ಸೀಮಿತಗೊಳಿಸಿತು. ಬಡ್ಡಿಯನ್ನೇ ನೆಚ್ಚಿದ್ದ ಹಿರಿಯರು ತಮ್ಮ ಹಣಕ್ಕಾಗಿ ಬ್ಯಾಂಕಿನ ಬಾಗಿಲಲ್ಲಿ ನಿಲ್ಲಬೇಕಾಯಿತು. ಮುಂದಿನ ತಿಂಗಳಲ್ಲೇ ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷ ರೂ.ಗೆ ಏರಿತು. ‘ಹಣಕ್ಕಿಂತ ಇಟ್ಟಿಗೆಯೇ ಮೇಲು’ ಎಂಬ ಮಾತಿಗೆ ಇಂಥ ಪ್ರಕರಣಗಳು ಬಲ ಕೊಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಪಾಠದ ನಿಜವಾದ ತಿರುಳು ಬೇರೆ: ಎಲ್ಲವನ್ನೂ ಒಂದೆಡೆ ಇಡಬಾರದು. ಒಂದೇ ಬ್ಯಾಂಕಿನಲ್ಲಿ ಇಡುವುದು ಎಷ್ಟು ಅಪಾಯವೋ, ಇರುವುದನ್ನೆಲ್ಲ ಒಂದೇ ಮನೆಯ ಗೋಡೆಯೊಳಗೆ ಹೂಳುವುದೂ ಅಷ್ಟೇ ಅಪಾಯ. ಆಸ್ಪತ್ರೆಯ ಬಿಲ್ಲು ಬಂದ ದಿನ ಅಡುಗೆಮನೆಯನ್ನಷ್ಟೇ ಬೇರ್ಪಡಿಸಿ ಮಾರಲಾಗದು.

ಕೈಯಲ್ಲಿ ಹಣವಿದ್ದೂ 60 ಲಕ್ಷ ಸಾಲ ಪಡೆದು, ಅಷ್ಟೇ ಹಣವನ್ನು ಶೇ. 6.5ರ ಠೇವಣಿಯಲ್ಲಿಟ್ಟರೆ ತೆರಿಗೆ ಕಳೆದು ಬರುವುದು ಸುಮಾರು 3.09 ಲಕ್ಷ. ತೆರಿಗೆ ಉಳಿತಾಯ ಕಳೆದ ಬಡ್ಡಿಯ ಹೊರೆ 4.28 ಲಕ್ಷ. ವ್ಯತ್ಯಾಸ ಸುಮಾರು 1.2 ಲಕ್ಷ ರೂ. ಹಣವನ್ನು ಕೈಗೆಟುಕುವಂತೆ ಇಟ್ಟುಕೊಳ್ಳಲು ತೆರುವ ವಾರ್ಷಿಕ ಬೆಲೆಯಿದು. ಸಾಲಗಾರನಿಗೆ ಇದೊಂದು ವಿಮೆಯ ಕಂತಿನಂತೆ. ಅದರ ಅಗತ್ಯ ಎಷ್ಟೆಂಬುದನ್ನು ಆಯಾ ಕುಟುಂಬವೇ ನಿರ್ಧರಿಸಬೇಕು.

ಭೋಗ್ಯವೆಂಬ ಮೂರನೆಯ ದಾರಿ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬ್ಯಾಂಕೂ ಅಲ್ಲದ, ಕೈಗಂಟೂ ಅಲ್ಲದ ದಾರಿಯೊಂದಿದೆ. ಅದೇ ಭೋಗ್ಯ, ಈಗಿನವರ ಬಾಯಲ್ಲಿ ‘ಲೀಸಿಗೆ ಹಾಕುವುದು’. ಬಾಡಿಗೆದಾರ ದೊಡ್ಡ ಮೊತ್ತವೊಂದನ್ನು ಮೊದಲೇ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಿಸುತ್ತಾನೆ. ಬಿಡುವಾಗ ಅಷ್ಟೇ ಹಣ ಮರಳಿ ಪಡೆಯುತ್ತಾನೆ. ಮನೆ ಕೊಳ್ಳಲು ಹಣ ಸಾಲದವರು ಈ ಮೊತ್ತದಿಂದ ಕೊರತೆ ತುಂಬಿಕೊಳ್ಳುವುದುಂಟು. ಬಡ್ಡಿಯಿಲ್ಲದ ಸಾಲವೆಂದು ಮಾಲೀಕರು ಬೀಗುತ್ತಾರೆ.

ಬಡ್ಡಿ ಇಲ್ಲವೇ? 30,000 ರೂ. ಬಾಡಿಗೆಯ ಮನೆಯನ್ನು 25 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ ಮಾಲೀಕ ಬಿಟ್ಟುಕೊಟ್ಟ ವಾರ್ಷಿಕ ಬಾಡಿಗೆ 3.6 ಲಕ್ಷ, ಅಂದರೆ ಶೇ. 14.4ರ ಬಡ್ಡಿ. ಬ್ಯಾಂಕು ಶೇ. 8ಕ್ಕೆ ಕೊಡುವುದನ್ನು ಅವನು ಬಾಡಿಗೆದಾರನಿಂದ ಶೇ. 14.4ಕ್ಕೆ ಪಡೆದಂತಾಯಿತು. ಈ ಮನೆಯ ಮಟ್ಟಿಗೆ ಭೋಗ್ಯದ ಮೊತ್ತ 45 ಲಕ್ಷ ಮುಟ್ಟಿದರೆ ಮಾತ್ರ ಬ್ಯಾಂಕಿನ ಬಡ್ಡಿಗೆ ಸರಿದೂಗುತ್ತದೆ.

ಎದುರಿಗಿರುವ ಕುಟುಂಬದ ಪಾಡೂ ಯೋಚನೆಗೆ ಅರ್ಹ. ಭೋಗ್ಯದ ಹಣ ಅನೇಕರಿಗೆ ಜೀವಮಾನದ ಉಳಿತಾಯ. ಮನೆ ಅದಾಗಲೇ ಬ್ಯಾಂಕಿಗೆ ಅಡಮಾನವಾಗಿದ್ದು ಮಾಲೀಕ ಕಂತು ತಪ್ಪಿಸಿದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ವಶಕ್ಕೆ ಪಡೆಯಲು ಬರುತ್ತದೆ. ನೋಂದಣಿಯಾಗದ ಕರಾರುಪತ್ರ ಹಿಡಿದ ನಿವಾಸಿಗೆ ಆಗ ಗಟ್ಟಿಯಾದ ನೆಲೆಯಿರುವುದಿಲ್ಲ. ಭೋಗ್ಯಕ್ಕೆ ಹೋಗುವವರು ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ ತೆಗೆಸಿ ನೋಡಬೇಕು, ಪತ್ರವನ್ನು ನೋಂದಾಯಿಸಬೇಕು, ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಮಾಲೀಕರೂ ಒಂದನ್ನು ಅರಿಯಬೇಕು: ಭೋಗ್ಯದ ಹಣವಿರಲಿ, ಹತ್ತು ತಿಂಗಳ ಮುಂಗಡವಿರಲಿ, ಅದು ಹಿಂದಿರುಗಿಸಬೇಕಾದ ಸಾಲ. ಮುಂದಿನ ಬಾಡಿಗೆದಾರ ಕೊಟ್ಟಾಗ ಹಿಂದಿನವನಿಗೆ ಕೊಡುತ್ತೇನೆ ಎಂಬ ವ್ಯವಸ್ಥೆ, ಮುಂದಿನವನು ಬಾರದ ದಿನ ಕುಸಿಯುತ್ತದೆ.

ಬ್ಯಾಂಕಿನ ವಕೀಲನ ಕಣ್ಣು

ಸಾಲಕ್ಕೆ ಒಂದು ಲಾಭ ಮಾತ್ರ ನಿರ್ವಿವಾದ. ಸಾಲ ಕೊಡುವ ಮುನ್ನ ಬ್ಯಾಂಕಿನ ವಕೀಲ ಮೂಲಪತ್ರ, ವಂಶವೃಕ್ಷ, ವಿಭಾಗಪತ್ರ, ಖಾತೆ, ನಕ್ಷೆ ಎಲ್ಲವನ್ನೂ ಜಾಲಾಡುತ್ತಾನೆ. ಮೂರು ತಲೆಮಾರಿನ ವಾರಸುದಾರರಿರುವ ಹಳೆಯ ಪೇಟೆಯ ಆಸ್ತಿಗಳಲ್ಲಿ ಇದು ಸಣ್ಣ ಉಪಕಾರವಲ್ಲ. ಅನುಮತಿಯಿಲ್ಲದೆ ಏರಿಸಿದ ಅಂತಸ್ತುಗಳು ಇಲ್ಲಿ ಅಪರೂಪವೂ ಅಲ್ಲ. ವಾಸಯೋಗ್ಯ ಪ್ರಮಾಣಪತ್ರ ಪರಿಶೀಲಿಸಿಯೇ ಕಟ್ಟಡಗಳ ಮೇಲೆ ಸಾಲ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಬ್ಯಾಂಕುಗಳಿಗೆ ನಿರ್ದೇಶಿಸಿದೆ. ಯಾವ ಬ್ಯಾಂಕೂ ಸಾಲ ಕೊಡಲೊಪ್ಪದ ಮನೆ ‘ಕ್ಯಾಶ್‌ಗಾದರೆ ಅಗ್ಗ’ ಎಂದು ಬಂದರೆ ಆ ಅಗ್ಗದ ಕಾರಣವನ್ನು ಹುಡುಕಬೇಕು. ಸಾಲ ಬೇಡದವರೂ ಸ್ವಂತ ವಕೀಲನಿಂದ ಅಷ್ಟೇ ಕಟ್ಟುನಿಟ್ಟಿನ ಪರಿಶೀಲನೆ ಮಾಡಿಸುವುದು ಕ್ಷೇಮ.

ಹಾಗಾದರೆ ಯಾರಿಗೆ ಯಾವುದು?

ನಿವೃತ್ತರಿಗೆ, ಬಾಡಿಗೆಯನ್ನೇ ಸಂಸಾರದ ಖರ್ಚಿಗೆ ನೆಚ್ಚುವವರಿಗೆ ಸಾಲ ಸಲ್ಲದು. ಇಡೀ ಹಣ ಸುರಿಯಬೇಕಾಗಿ ಬಂದರೆ 1 ಕೋಟಿಯ ಮನೆಯ ಬದಲು 70 ಲಕ್ಷದ ಮನೆ ನೋಡಿ, ಮಿಕ್ಕದ್ದನ್ನು ಎರಡು ಮೂರು ಬ್ಯಾಂಕುಗಳಲ್ಲಿ ಹಂಚಿಡುವುದು ವಿವೇಕ. ಸಂಬಳವಿರುವ, ಇನ್ನೂ 15-20 ವರ್ಷ ದುಡಿಯಬಲ್ಲವರು ಬಾಡಿಗೆಯೇ ತೀರಿಸಬಲ್ಲ ಗಡಿಯವರೆಗೆ, ನಮ್ಮ ಉದಾಹರಣೆಯಲ್ಲಿ 29 ಲಕ್ಷ ರೂ.ವರೆಗೆ, ಧೈರ್ಯವಾಗಿ ಸಾಲ ಪಡೆಯಬಹುದು. ಅದನ್ನು ಮೀರುವವರು ಒಂದು ವರ್ಷದ ಕಂತು ಮತ್ತು ಬಾಡಿಗೆದಾರನ ಮುಂಗಡ ಇವೆರಡನ್ನೂ ಮುಟ್ಟದ ಗಂಟಾಗಿ ಪ್ರತ್ಯೇಕವಾಗಿ ಇಟ್ಟಿರಬೇಕು.

ಸಂದಿಗ್ಧದಲ್ಲಿರುವವರಿಗೆ ಒಂದು ಮಾತು. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ವಿಧಿಸಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಹೀಗಾಗಿ ಇಂದು ಪಡೆದ ಸಣ್ಣ ಸಾಲ ಬೇಡವೆನಿಸಿದರೆ ನಾಳೆ ತೀರಿಸಬಹುದು. ಆದರೆ ಇಂದು ಗೋಡೆಗೆ ಸುರಿದ ಹಣವನ್ನು ನಾಳೆ ಹಿಂಪಡೆಯಲು ಮನೆಯನ್ನೇ ಒತ್ತೆಯಿಟ್ಟು, ಗೃಹಸಾಲಕ್ಕಿಂತ ಹೆಚ್ಚಿನ ಬಡ್ಡಿಗೆ ಕೈಚಾಚಬೇಕಾಗುತ್ತದೆ. ತಿದ್ದಿಕೊಳ್ಳಲು ಸುಲಭವಾದ ತಪ್ಪು ಯಾವುದೆಂಬುದು ಇದರಿಂದ ಸ್ಪಷ್ಟ.

ಅಜ್ಜ ಕಟ್ಟಿಸಿದ ಮನೆ ಮಾರಾಟವಾಗುವುದು ಒಂದೇ ಬಾರಿ. ಆ ಹಣದಿಂದ ಕೊಳ್ಳುವ ಮನೆಯ ಲೆಕ್ಕವನ್ನು ದಲ್ಲಾಳಿಯ ಫೋನಿನಲ್ಲಿ ಮಾಡದೆ, ಮನೆಮಂದಿಯೆಲ್ಲ ಕೂತು ಒಂದು ಹಾಳೆಯ ಮೇಲೆ ಬರೆದು ನೋಡುವುದು ಒಳಿತು.